ಸಿಲ್ವೆಸ್ಟರ್ ಮಾಮನ ಸಂಕದ ಪುಸ್ತಕ

ಮೊದಲು ಕ್ಷಮೆ ಕೇಳಿಕೊಳ್ಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆ ಹಾಕಿದ ಹಾಳೆಯಲ್ಲಿ ಬರೆದರೂ ಸಾಲು ಮೇಲಕ್ಕೆ ಹತ್ತುತ್ತದೆ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು. ಕನ್ನಡ ಕಲಿತದ್ದು ಮನೆಯಲ್ಲಿ, ಅಮ್ಮನ ಹತ್ತಿರ. ಒಳ್ಳೆಯ ಪದ ಬೇಕಾದ ಕಡೆ ಸಾಮಾನ್ಯ ಪದವೇ ಬಂದಿರಬಹುದು. ಇಲ್ಲಿನ ಕನ್ನಡ ಕೂಟದ ಕೈಬರಹದ ಸಂಚಿಕೆಗೆ ಕುವೈತಿನ ಹಳಬರೊಬ್ಬರ ಬಗ್ಗೆ ಬರೆದುಕೊಡು ಎಂದು ಅದನ್ನು ನೋಡಿಕೊಳ್ಳುವ ಪಾವನಾ ಆಂಟಿ ಹೇಳಿದಾಗ ನನಗೆ ನೆನಪಾದದ್ದು ರಿಗ್ಗೈಯಲ್ಲಿ ನಮ್ಮದೇ ಕಟ್ಟಡದ ಮೂರನೇ ಮಹಡಿಯಲ್ಲಿರುವ ಸಿಲ್ವೆಸ್ಟರ್ ಮಾಮ್. ಅವರು ಹೇಳಿದ್ದನ್ನೇ ಬರೆದಿದ್ದೇನೆ. ಒಂದೊಂದು ಪುಟ ಮುಗಿದಾಗಲೂ ಅವರಿಗೆ ಓದಿ ಹೇಳಿ, ಅವರು "ಹೌದು, ಹಾಗೆಯೇ" ಎಂದ ಮೇಲೆ ಮುಂದಿನ ಪುಟಕ್ಕೆ ಹೋಗಿದ್ದೇನೆ.

ಸಿಲ್ವೆಸ್ಟರ್ ಮಾಮ್ ಸಬ್ಹಾನಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಏರ್ ಕಂಡಿಷನರಿನ ಬಿಡಿಭಾಗಗಳ ಗೋದಾಮು ಅದು. ಸೀಲಿಂಗ್ ಮುಟ್ಟುವ ಕಬ್ಬಿಣದ ಕಪಾಟುಗಳು, ಪ್ರತಿ ಖಾನೆಗೊಂದು ಸಂಖ್ಯೆ, ಪ್ರತಿ ಸಂಖ್ಯೆಗೊಂದು ಕಾರ್ಡು. ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಯಿತು. ಆದರೂ ಮಾಮ್ ಕಾರ್ಡು ಬಿಟ್ಟಿಲ್ಲ. ಅವರು ಇಟ್ಟ ಸಾಮಾನು ಕಣ್ಣು ಮುಚ್ಚಿಕೊಂಡು ಹೋದರೂ ಸಿಗುತ್ತದೆ ಎಂದು ಕಂಪನಿಯವರೇ ಹೇಳುತ್ತಾರೆ. ಅರವತ್ತಮೂರು ವರ್ಷದ ಈ ಮನುಷ್ಯ ಒಂದು ವಸ್ತುವನ್ನು ತಪ್ಪು ಖಾನೆಯಲ್ಲಿಟ್ಟದ್ದನ್ನು ಯಾರೂ ನೋಡಿಲ್ಲ.

ಈ ಮೇ ತಿಂಗಳಿಗೆ ಅವರ ಕೆಲಸ ಮುಗಿಯುತ್ತದೆ. ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ರದ್ದಾಗುತ್ತದೆ, ಊರಿಗೆ ಹೊರಡಬೇಕು. ಅವರ ಹೆಂಡತಿ ಸೂಸನ್ ಆಂಟಿ ಜನವರಿಯಲ್ಲೇ ರಟ್ಟಿನ ಪೆಟ್ಟಿಗೆಗಳನ್ನು ತಂದು ಹಾಲಿನಲ್ಲಿ ಸಾಲಾಗಿ ಇಟ್ಟಿದ್ದರು. ಅವುಗಳಲ್ಲಿ ಯಾವುದಕ್ಕೂ ಹಾಕದೆ ಮಾಮ್ ಮಂಚದ ಕೆಳಗೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡದ್ದು ಒಂದೇ ಒಂದು ವಸ್ತು. ದಪ್ಪ ರಟ್ಟಿನ, ಬೆನ್ನಿಗೆ ಕಂದು ಬಟ್ಟೆ ಅಂಟಿಸಿದ, ನೂರೈವತ್ತು ಹಾಳೆಯ ಒಂದು ಪುಸ್ತಕ.

ಅದೇ ಜನವರಿಯ ಒಂದು ಮಧ್ಯಾಹ್ನ, ಗೋದಾಮಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ, ಗುರುತಿಲ್ಲದ ಸಂಖ್ಯೆಯಿಂದ ಫೋನು ಬಂತು.

"ಸಿಲ್ವೆಸ್ಟರ್ ಭಾಯ್? ನಾನು ರಿವ್ಕಾ. ಠಾಣೆಯಿಂದ. ಚೌಲ್‌ಕರ್ ಸರ್ ಮಗಳು."

ಮಾಮ್ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ನಲವತ್ತು ವರ್ಷದ ಹಿಂದೆ ಆ ಮಗಳು ಎರಡು ಜಡೆಯ ಹುಡುಗಿ.

"ಬಾಬಾ ಇದ್ದಾರಾ?" ಅಂದರು. ಕೇಳಿದ ಮೇಲೆ ಹಾಗೆ ಕೇಳಬಾರದಿತ್ತು ಅನ್ನಿಸಿತು.

"ಇದ್ದಾರೆ. ತೊಂಬತ್ತೊಂದು. ಕಣ್ಣು ಕಾಣೋದಿಲ್ಲ, ಕಿವಿ ಚೆನ್ನಾಗಿದೆ. ಬೈಂಡರ್ ತನ್ನ ಕಡೆ ಬರೆದು ಮುಗಿಸಿದನಾ ಕೇಳು, ಕೇಳು ಅಂತ ದಿನಾ ನನ್ನ ಜೀವ ತಿಂತಾರೆ. ನಿಮ್ಮನ್ನು ಹುಡುಕೋಕೆ ನನಗೆ ಒಂದು ವರ್ಷ ಬೇಕಾಯ್ತು ಭಾಯ್."

ಮಾಮ್ ಬರೆದು ಮುಗಿಸಿರಲಿಲ್ಲ. ನೂರೈವತ್ತರಲ್ಲಿ ಎಪ್ಪತ್ತಮೂರು ಹಾಳೆ ಪೂರ್ತಿ ಮಾಡಿದ್ದರು, ಅದೂ ಮೂವತ್ತನಾಲ್ಕು ವರ್ಷದ ಹಿಂದೆ.

ಇದನ್ನು ಅರ್ಥ ಮಾಡಿಸಲು ಬೊಂಬಾಯಿಯ ಕತೆ ಹೇಳಬೇಕು. ಮಾಮ್ ಅದನ್ನು ಹೇಳುವಾಗ ಮುಂಬೈ ಅನ್ನುವುದಿಲ್ಲ, ಬೊಂಬಾಯಿ ಅಂತಲೇ ಅನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ. ಇಪ್ಪತ್ತೊಂದನೇ ವಯಸ್ಸಿಗೆ ಅವರು ಮಂಗಳೂರಿನ ಹತ್ತಿರದ ತಮ್ಮ ಊರಿನಿಂದ ಬೊಂಬಾಯಿಗೆ ಹೋಗಿ, ಭಾಯಖಳಾದ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುವ ಕೆಲಸಕ್ಕೆ ಸೇರಿದರು. ಮಲಗುವುದು ಊರಿನ ಹುಡುಗರೆಲ್ಲ ಸೇರಿ ಹಿಡಿದ ಒಂದು ಉದ್ದನೆಯ ಕೋಣೆಯಲ್ಲಿ. ತಲೆಗೊಂದು ಚಾಪೆ, ಒಂದು ಟ್ರಂಕು.

ಒಂದು ದಿನ ಪ್ರೆಸ್ಸಿಗೆ ಐವತ್ತರ ಆಸುಪಾಸಿನ ಒಬ್ಬರು ಬಂದರು. ಕಪ್ಪು ಟೋಪಿ, ಬೆಳ್ಳಗಿನ ಗಡ್ಡ, ಕೈಯಲ್ಲಿ ಗೆರೆ ಎಳೆದ ನೂರೈವತ್ತು ಹಾಳೆ. ಪ್ರತಿ ಹಾಳೆಯ ಮೂಲೆಯಲ್ಲಿ ಒಂದರಿಂದ ನೂರೈವತ್ತರವರೆಗೆ ಅಂಕಿ ಹಾಕಿದ್ದರು. "ಗಟ್ಟಿಯಾಗಿ ಹೊಲಿದು ಕೊಡಿ" ಎಂದು ಹೇಳಿ ಹೋದರು. ಹೊಸ ಹುಡುಗ ಸಿಲ್ವೆಸ್ಟರ್ ನೋಡಿದರೆ ಹಾಳೆಗಳೆಲ್ಲ ತಿರುವುಮುರುವು. ಒಂದನೇ ಪುಟ ಇರಬೇಕಾದ ಕಡೆ ನೂರೈವತ್ತನೆಯದು. ಪಾಪ, ವಯಸ್ಸಾದವರು, ಗೊಂದಲ ಮಾಡಿಕೊಂಡಿದ್ದಾರೆ ಎಂದು ಮಾಮ್ ಒಂದೊಂದೇ ಹಾಳೆಯನ್ನು ತಿರುಗಿಸಿ ಜೋಡಿಸಿ, ನೆಟ್ಟಗೆ ಬೈಂಡ್ ಮಾಡಿ ಇಟ್ಟರು. ಎರಡು ಗಂಟೆ ಹೆಚ್ಚಿನ ಕೆಲಸ.

ಬಂದವರು ಪುಸ್ತಕ ಬಿಚ್ಚಿದರು, ಮುಚ್ಚಿದರು, ಇನ್ನೊಂದು ಕಡೆಯಿಂದ ಬಿಚ್ಚಿದರು. ಆಮೇಲೆ ನಗತೊಡಗಿದರು.

"ಯಾರಪ್ಪ ಇದನ್ನು ಸರಿ ಮಾಡಿದವನು?"

"ನಾನು ಸರ್."

"ನಮ್ಮ ಭಾಷೆ ಬಲಗಡೆಯಿಂದ ಎಡಕ್ಕೆ ಹೋಗುತ್ತೆ. ನಮ್ಮ ಪುಸ್ತಕದ ಬಾಗಿಲು ನಿಮ್ಮ ಹಿತ್ತಿಲು. ಗೊತ್ತಿತ್ತಾ?"

ಗೊತ್ತಿರಲಿಲ್ಲ. ಪ್ರೆಸ್ಸಿನ ಯಜಮಾನ ಬೈಯಲು ಬಾಯಿ ತೆರೆದರು. ಬಂದವರು ಕೈ ಎತ್ತಿ ತಡೆದು, "ಇರಲಿ, ಹೀಗೇ ಇರಲಿ. ಆದರೆ ಈ ಹುಡುಗ ಗುರುವಾರ ಸಂಜೆ ನನ್ನ ಮನೆಗೆ ಬರಬೇಕು" ಅಂದರು. ಅವರೇ ರಬ್ಬಿ ಎಲಿಯಾಹು ಚೌಲ್‌ಕರ್. ಕೊಂಕಣ ಕರಾವಳಿಯಲ್ಲಿ ತಲೆತಲಾಂತರದಿಂದ ಇರುವ ಯಹೂದಿಯರ ಪೈಕಿ. ಮನೆಮಾತು ಮರಾಠಿ. ಅವರ ಹಿರಿಯರು ಎಣ್ಣೆಯ ಗಾಣ ಹಾಕಿಕೊಂಡಿದ್ದವರು; ಶನಿವಾರ ಗಾಣ ತಿರುಗಿಸುತ್ತಿರಲಿಲ್ಲವಾದ್ದರಿಂದ ಊರಿನವರು ಶನಿವಾರದ ಗಾಣಿಗರು ಅನ್ನುತ್ತಿದ್ದರಂತೆ. ಇವರು ಶಾಲೆಯ ಮೇಷ್ಟರಾಗಿದ್ದು, ಹೊರದೇಶಕ್ಕೆ ಹೋಗಿ ಶಾಸ್ತ್ರ ಓದಿ, ರಬ್ಬಿಯಾಗಿ ಹಿಂದಿರುಗಿದ್ದರು. ಅವರು ಮಾತಾಡುತ್ತಿದ್ದುದು ಮರಾಠಿ ಬೆರೆತ ಹಿಂದಿ, ಮಾಮ್ ಉತ್ತರಿಸುತ್ತಿದ್ದುದು ಕೊಂಕಣಿ ಬೆರೆತ ಹಿಂದಿ. ಅದರಿಂದ ಏನೂ ಅಡ್ಡಿಯಾಗಲಿಲ್ಲವಂತೆ.

ಗುರುವಾರ ಸಂಜೆ ಅವರ ಮನೆಯ ಊಟದ ಮೇಜಿನ ಸುತ್ತ ಆರೇಳು ಜನ ಕೂರುತ್ತಿದ್ದರು. ಅರ್ಧ ಯಹೂದಿಯರು, ಅರ್ಧ ಕ್ರೈಸ್ತರು. ಮೇಜಿನ ಮೇಲೆ ಎರಡು ಪುಸ್ತಕ: ಯಹೂದಿಯರ ಕೀರ್ತನೆಗಳು, ಕ್ರೈಸ್ತರ ಸುವಾರ್ತೆ. ಅಲ್ಲಿ ಒಂದು ನಿಯಮವಿತ್ತು. ಪ್ರತಿಯೊಬ್ಬರೂ ಬೇರೆಯವರ ಪುಸ್ತಕವನ್ನೇ ಗಟ್ಟಿಯಾಗಿ ಓದಬೇಕು. ಯಹೂದಿ ಸುವಾರ್ತೆ ಓದಬೇಕು, ಕ್ರೈಸ್ತ ಹೀಬ್ರೂ ಕೀರ್ತನೆ ಓದಬೇಕು. ಪುಸ್ತಕ ಯಾರದೋ ಅವರು ಸುಮ್ಮನೆ ಕೇಳಬೇಕು. ಪ್ರಶ್ನೆ ಎಷ್ಟು ಬೇಕಾದರೂ ಕೇಳಬಹುದು. ಆದರೆ ಬೇರೆಯವರ ಪುಸ್ತಕಕ್ಕೆ ಅರ್ಥ ಹೇಳಲು ಹೋದವರು ಎದ್ದು ಹೋಗಿ ಎಲ್ಲರಿಗೂ ಚಹಾ ತರಬೇಕು.

"ಅತಿ ಹೆಚ್ಚು ಚಹಾ ತಂದವರು ರಬ್ಬಿಯೇ" ಎಂದು ಮಾಮ್ ನಗುತ್ತಾರೆ. "ಅವರಿಗೆ ತಡೆಯಲಿಕ್ಕೆ ಆಗುತ್ತಿರಲಿಲ್ಲ. 'ನಿಮ್ಮ ಯೇಸು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ, ಇದೇ ಭಾಷೆಯಲ್ಲಿ' ಅಂತ ಶುರು ಮಾಡಿದರೆ ಮುಗಿಯಿತು. ಆಮೇಲೆ ತಾವೇ ನಾಲಗೆ ಕಚ್ಚಿಕೊಂಡು ಕೆಟಲಿನ ಹತ್ತಿರ ಹೋಗುತ್ತಿದ್ದರು."

ಅವರ ಈ ಮೇಜು ಯಾರಿಗೂ ಇಷ್ಟವಾಗಿರಲಿಲ್ಲ. ಇವನು ನಮ್ಮ ಮಕ್ಕಳನ್ನು ಇಗರ್ಜಿಗೆ ಕರೆದೊಯ್ಯುತ್ತಾನೆ ಎಂದು ಅವರ ಪೈಕಿಯವರೇ ಹೇಳುತ್ತಿದ್ದರು. ಮಾಮನ ಕೋಣೆಯ ಹುಡುಗರು, "ಎಂತ ಸಿಲ್ವಾ, ಇನ್ನು ಮೇಲೆ ನಿನಗೆ ಶನಿವಾರವೂ ರಜೆಯಾ? ಹಂದಿ ಮಾಂಸದ ಪಾಲು ನಮಗೆ ಕೊಡು ಹಾಗಾದ್ರೆ" ಎಂದು ರೇಗಿಸುತ್ತಿದ್ದರು. ರಬ್ಬಿಗೆ ಯಾರನ್ನೂ ಮತಾಂತರ ಮಾಡುವುದು ಬೇಕಿರಲಿಲ್ಲ. ಇಬ್ಬರೂ ಒಂದೇ ಹಾಡನ್ನು ಎರಡು ಸಾವಿರ ವರ್ಷದಿಂದ ಹಾಡುತ್ತಿದ್ದಾರೆ, ಒಬ್ಬರು ಹಾಡುವುದನ್ನು ಇನ್ನೊಬ್ಬರು ನಿಂತು ಕೇಳಿಲ್ಲ ಎನ್ನುವುದೇ ಅವರ ಕೊರಗು.

ಆ ನೂರೈವತ್ತು ಹಾಳೆ ಅದಕ್ಕಾಗಿಯೇ. ಯಹೂದಿಯರೂ ಕ್ರೈಸ್ತರೂ ಹಾಡುವ ಕೀರ್ತನೆಗಳು ನೂರೈವತ್ತು; ಒಂದು ಕೀರ್ತನೆಗೆ ಒಂದು ಹಾಳೆ, ಹಾಳೆಯಲ್ಲಿ ಮೂರು ಅಂಕಣ. ಬಲಗಡೆ ಕೀರ್ತನೆಯ ಹೀಬ್ರೂ ಸಾಲುಗಳು ಮತ್ತು ಯಹೂದಿ ಹಿರಿಯರು ಅದರ ಬಗ್ಗೆ ಹೇಳಿದ್ದು. ಎಡಗಡೆ ಅದೇ ಕೀರ್ತನೆಯನ್ನು ಇಗರ್ಜಿಯಲ್ಲಿ ಯಾವಾಗ ಹಾಡುತ್ತಾರೆ, ಸುವಾರ್ತೆಯಲ್ಲಿ ಎಲ್ಲಿ ನೆನೆಯುತ್ತಾರೆ ಎಂಬುದು. ನಡುವೆ ಎರಡು ಬೆರಳಗಲದ ಖಾಲಿ ಜಾಗ. ಎರಡೂ ಕಡೆ ಓದಿದವನಿಗೆ ಏನು ತೋಚಿತೋ ಅದನ್ನು ಅಲ್ಲಿ ಬರೆಯಬೇಕು. ಎಡಗಡೆಗೆ ಒಬ್ಬ ಕ್ರೈಸ್ತ ವಿದ್ವಾಂಸ ಬೇಕೆಂದು ರಬ್ಬಿ ಎಷ್ಟೋ ಕಡೆಗೆ ಕಾಗದ ಬರೆದಿದ್ದರು. ಎರಡು ಕಡೆಯಿಂದ ವಿನಯದ ಉತ್ತರ ಬಂತು. ಒಬ್ಬ ಪಾದ್ರಿ ಮೂರು ಗುರುವಾರ ಬಂದು, ವರ್ಗವಾಗಿ ಹೋದರು.

ಮಾಮ್ ಮೂರು ವರ್ಷ ಪ್ರತಿ ಗುರುವಾರ ಹೋಗಿ, ರಬ್ಬಿ ಹೇಳಿ ಬರೆಸಿದ್ದನ್ನೆಲ್ಲ, ಹೀಬ್ರೂ ಸಾಲುಗಳನ್ನೂ ಸೇರಿಸಿ, ಪುಸ್ತಕದ ಬಲಗಡೆ ಕನ್ನಡ ಅಕ್ಷರದಲ್ಲೇ ಬರೆದರು. ಅವರಿಗೆ ಬರುತ್ತಿದ್ದ ಲಿಪಿ ಅದೊಂದೇ. ಕೊಂಕಣಿಯನ್ನೂ ಅದರಲ್ಲೇ ಬರೆಯುವುದಲ್ಲವೇ? ನಡುವಿನ ಆ ಸಣ್ಣ ಜಾಗಕ್ಕೆ ಮಾಮ್ ಸಂಕ ಎಂದು ಹೆಸರಿಟ್ಟರು. ನಮ್ಮೂರ ಕಡೆ ತೋಡು ದಾಟಲು ಎರಡು ತೆಂಗಿನ ಕಾಂಡ ಅಡ್ಡ ಹಾಕುತ್ತೇವಲ್ಲ, ಅದು. ರಬ್ಬಿಗೆ ಆ ಶಬ್ದ ಬಹಳ ಹಿಡಿಸಿತು.

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಮಾಮನಿಗೆ ಕುವೈತಿನ ವೀಸಾ ಬಂತು. ಕೊನೆಯ ಗುರುವಾರ ರಬ್ಬಿ ಪುಸ್ತಕವನ್ನು ಅವರ ಕೈಯಲ್ಲಿಟ್ಟರು.

"ನನ್ನ ಕಡೆ ಮುಗಿದಿದೆ. ನಿನ್ನ ಕಡೆ ನೀನು ಬರಿ."

"ನಾನಾ ಸರ್? ನಾನು ಬೈಂಡರ್."

"ವಿದ್ವಾಂಸರನ್ನು ಕರೆದೆ, ಬರಲಿಲ್ಲ. ಬೈಂಡರ್ ಬಂದ."

ಎರಡು ವರ್ಷದಲ್ಲಿ ಮುಗಿಸಿ ತಂದು ಕೊಡುತ್ತೇನೆಂದು ಮಾಮ್ ಮಾತು ಕೊಟ್ಟರು.

ಕುವೈತಿಗೆ ಬರುವಾಗ ಅವರ ಹತ್ತಿರ ಇದ್ದದ್ದು ತಾಯಿ ಕೊಟ್ಟ, ಪ್ರತಿ ಕೀರ್ತನೆಗೂ ಟಿಪ್ಪಣಿಯಿದ್ದ ಹಳೆಯ ಕೊಂಕಣಿ ಕೀರ್ತನೆ ಪುಸ್ತಕ ಒಂದೇ. ಕೆಲಸಗಾರರ ಕ್ಯಾಂಪಿನಲ್ಲಿ ಮೇಲಿನ ಮಂಚ, ತಲೆಯ ಹತ್ತಿರ ಗೊರಗೊರ ಸದ್ದಿನ ಎಸಿ. ಮೊದಲ ವರ್ಷ ಅವರು ಎಡಗಡೆಯ ಅಂಕಣವನ್ನು ಒಂದೇ ಉಸಿರಿಗೆ ಬರೆದರು. ತಾಯಿಯ ಪುಸ್ತಕದ ಒಂದನೇ ಕೀರ್ತನೆಯದನ್ನು ಒಂದನೇ ಹಾಳೆಗೆ, ಎರಡನೆಯದನ್ನು ಎರಡನೇ ಹಾಳೆಗೆ, ಹೀಗೆ ಸಂಖ್ಯೆಗೆ ಸಂಖ್ಯೆ ಹಿಡಿದು ನೂರೈವತ್ತಕ್ಕೂ. ಆಮೇಲೆ ನಿಧಾನವಾಗಿ ನಡುವಿನ ಸಂಕ. ಒಂದೊಂದಕ್ಕೆ ಒಂದೊಂದು ವಾರ ಬೇಕಾಗುತ್ತಿತ್ತು. ಶುಕ್ರವಾರ ಇಗರ್ಜಿಯಿಂದ ಬಂದು, ಪೇಜ್, ಅಂದರೆ ಗಂಜಿ, ಮತ್ತು ಉಪ್ಪಿನಕಾಯಿ ಉಂಡು, ಮಂಚದ ಮೇಲೆ ಚಕ್ಕಳಮಕ್ಕಳ ಕೂತು ಬರೆಯುತ್ತಿದ್ದ ಆ ದಿನಗಳ ಬಗ್ಗೆ ಹೇಳುವಾಗ ಮಾಮನ ದನಿಯೇ ಬದಲಾಗುತ್ತದೆ. "ಜೇಬಿನಲ್ಲಿ ಏನೂ ಇರಲಿಲ್ಲ. ಆದರೆ ತಲೆ ತುಂಬ ಇತ್ತು" ಅನ್ನುತ್ತಾರೆ.

ಎಪ್ಪತ್ತಮೂರನೇ ಹಾಳೆ ಮುಗಿದ ಮೇಲೆ ತೊಂಬತ್ತರ ಆಗಸ್ಟ್ ಬಂತು, ಇರಾಕಿನ ಸೈನ್ಯ ಬಂತು. ಸಾವಿರಾರು ಜನರ ಹಾಗೆ ಮಾಮನೂ ಬಸ್ಸು ಹತ್ತಿ ಜೋರ್ಡಾನಿನ ದಾರಿ ಹಿಡಿದರು. ಒಂದು ಚೀಲಕ್ಕಷ್ಟೇ ಜಾಗ. ಒಂದು ತಪಾಸಣೆಯಲ್ಲಿ ಎಳೆಯ ಸೈನಿಕನೊಬ್ಬ ಪುಸ್ತಕವನ್ನು ತೆಗೆದು ತಿರುವಿ ಹಾಕಿದ.

"ಏನಿದು?"

"ಪ್ರಾರ್ಥನೆ."

"ಹಿಂದಿ?"

"ಹಿಂದಿ, ಹಿಂದಿ."

ಅರಬ್ಬಿಯಲ್ಲಿ ಹಿಂದಿ ಎಂದರೆ ಇಂಡಿಯಾದ್ದು. ಅವನು ಹಿಂದಕ್ಕೆ ಕೊಟ್ಟ. ಆ ದಾರಿಯಲ್ಲಿ, ಆ ಹೊತ್ತಿನಲ್ಲಿ, ಅದರೊಳಗೆ ಒಂದು ಹೀಬ್ರೂ ಅಕ್ಷರವಿದ್ದಿದ್ದರೆ ಏನಾಗುತ್ತಿತ್ತೋ ಎಂದು ಮಾಮ್ ಈಗಲೂ ನೆನೆಯುತ್ತಾರೆ. ಯಹೂದಿ ರಬ್ಬಿಯ ಕೀರ್ತನೆಗಳು ಕನ್ನಡ ಅಕ್ಷರದ ಬುರ್ಖಾ ಹಾಕಿಕೊಂಡು ಗಡಿ ದಾಟಿದವು.

ತೊಂಬತ್ತೆರಡರಲ್ಲಿ ಊರಿನಿಂದ ಕುವೈತಿಗೆ ಹಿಂದಿರುಗಿದರು. ಸೂಸನ್ ಆಂಟಿಯ ಜತೆ ಮದುವೆ, ಮಕ್ಕಳು, ಶಾಲೆ, ಓವರ್‌ಟೈಮು. ಬೊಂಬಾಯಿಯಿಂದ "ಎಷ್ಟು ಹಾಳೆ ಆಯಿತು?" ಎಂದು ಕಾಗದ ಬರುತ್ತಿತ್ತು. "ಆಗುತ್ತಾ ಇದೆ ಸರ್" ಎಂದು ಇವರು ಬರೆಯುತ್ತಿದ್ದರು. ಒಂದೂ ಆಗುತ್ತಿರಲಿಲ್ಲ. ಬರೆಯಲು ನಾಚಿಕೆಯಾಗಿ ಇವರು ಉತ್ತರ ನಿಲ್ಲಿಸಿದರು. ಎರಡೂ ಕಡೆ ವಿಳಾಸ ಬದಲಾದವು.

ಈಗ ರಿವ್ಕಾಳ ಫೋನು. ರಬ್ಬಿಯ ಕಿವಿ ಕೇಳುವಷ್ಟು ದಿನ ಉಳಿದಿರುವಾಗಲೇ ಕೊಟ್ಟ ಮಾತು ತೀರಿಸಬೇಕು. ಮಾಮನಿಗೆ ಬೇರೆ ಯಾವ ಯೋಚನೆಯೂ ಇರಲಿಲ್ಲ. ದಿನಕ್ಕೊಂದು ಹಾಳೆಯನ್ನು ಫೋನಿನಲ್ಲಿ ಓದಿ ಧ್ವನಿ ಕಳಿಸುವುದು, ಮುಗಿದಿರುವ ಎಪ್ಪತ್ತಮೂರು ಹೋಗುವಷ್ಟರಲ್ಲಿ ಉಳಿದದ್ದನ್ನು ಬರೆದುಕೊಳ್ಳುವುದು ಎಂದು ತೀರ್ಮಾನವಾಯಿತು.

ಓದುವುದು ಗೋದಾಮಿನಲ್ಲಿ, ಊಟದ ಬಿಡುವಿನಲ್ಲಿ. ಕಾವಲಿಗೆ ಅಹ್ಮದ್ ಬಾವಾ. ಕಂಪನಿಯ ಟ್ರಕ್ಕಿನ ಡ್ರೈವರ್, ಉಳ್ಳಾಲದ ಬ್ಯಾರಿ ಮುಸ್ಲಿಮರು, ಇಬ್ಬರದೂ ಮೂವತ್ತು ವರ್ಷದ ಸ್ನೇಹ. ಬ್ಯಾರಿಗಳು ಊರಿನ ಕ್ರೈಸ್ತರನ್ನು ಪೊರ್ಬು ಅನ್ನುತ್ತಾರೆ.

"ಎಂತ ಪೊರ್ಬುಗಳೇ, ರೇಡಿಯೋ ಸ್ಟೇಷನ್ ಶುರು ಮಾಡುವನಾ?"

"ಬಾಗಿಲು ಹಾಕಿ ಬ್ಯಾರಿಗಳೇ. ಫೋರ್ಕ್‌ಲಿಫ್ಟಿನ ಸದ್ದು ಬರ್ತದೆ."

ಮೊದಲ ದಿನ ಹೀಬ್ರೂ ಸಾಲುಗಳನ್ನು ಕೇಳಿ ಬಾವಾ ಹುಬ್ಬು ಗಂಟಿಕ್ಕಿದರು. "ಇದು ಅರಬ್ಬಿಯ ಚಿಕ್ಕಪ್ಪನ ಮಗ ಅಲ್ವಾ ಮಾರಾಯ್ರೇ? ಅರ್ಧ ನನಗೇ ಗೊತ್ತಾಗ್ತದೆ. ನಿಮ್ಮ ಯಹೂದಿ ಮೇಷ್ಟ್ರಿಗೆ ಹೇಳಿ, ಬ್ಯಾರಿಯೂ ಕೂತು ಕೇಳ್ತಾನೆ ಅಂತ. ಚಹಾ ಬೇಕಾದ್ರೆ ನಾನೇ ತರ್ತೇನೆ."

ಪ್ರತಿ ಸಂಜೆ ರಿವ್ಕಾಳಿಂದ ಒಂದೇ ಉತ್ತರ: "ಕೇಳಿದರು." ಹತ್ತು ದಿನ, ಹದಿನೈದು ದಿನ, ಇಪ್ಪತ್ತು ದಿನ. ಇಪ್ಪತ್ತೆರಡನೆಯ ಹಾಳೆ ಓದುವ ದಿನ ಮಾಮ್ ಗಂಟಲು ಸರಿ ಮಾಡಿಕೊಂಡರು. ಅವರಿಗೆ ಎಲ್ಲಕ್ಕಿಂತ ಹೆಮ್ಮೆಯ ಹಾಳೆ ಅದು. ಬಲಗಡೆ, ನನ್ನನ್ನೇಕೆ ಕೈಬಿಟ್ಟೆ ಎಂದು ದೇವರನ್ನು ಕೇಳುವ ಕೀರ್ತನೆ. ಎಡಗಡೆ, ದೇವರನ್ನು ಕುರಿ ಕಾಯುವವನೆಂದು ಹಾಡುವ ಕೀರ್ತನೆ. ನಡುವೆ ಇಪ್ಪತ್ತೆಂಟು ವರ್ಷದ ಸಿಲ್ವೆಸ್ಟರ್ ಬರೆದಿದ್ದರು: ಕುರಿ ಕಳೆದುಹೋದೆನೆಂದು ಕೂಗುತ್ತಿದೆ. ಕಾಯುವವನು ಬೆನ್ನ ಹಿಂದೆಯೇ ಇದ್ದಾನೆ. ಕುರಿಗೆ ಕುತ್ತಿಗೆ ತಿರುಗಿಸಲು ಬರುವುದಿಲ್ಲ.

ಆ ಸಂಜೆ ರಿವ್ಕಾಳ ಉತ್ತರ ಬರಲಿಲ್ಲ. ರಬ್ಬಿಯ ಧ್ವನಿಯೇ ಬಂತು. ಸಣ್ಣಗಾಗಿತ್ತು, ಆದರೆ ಅದೇ ಧ್ವನಿ.

"ಸಿಲ್ವೆಸ್ಟರ್, ಒಂದು ಪ್ರಶ್ನೆ. ಇಲ್ಲಿಗೆ ಕುರಿ ಕಾಯುವವನು ಎಲ್ಲಿಂದ ಬಂದ?"

ಅಷ್ಟೇ. ಮಾಮ್ ಅದನ್ನು ನಾಲ್ಕು ಸಲ ಕೇಳಿದರು.

"ವಯಸ್ಸಾಯ್ತು ಮಾರಾಯ, ತೊಂಬತ್ತೊಂದು ಅಂದ್ರೆ ತಮಾಷೆಯಾ?" ಅಂದರು ಕೊನ್ರಾಡ್. ಕೊನ್ರಾಡ್ ಇಗರ್ಜಿಯಲ್ಲಿ ನಮ್ಮ ವಾರ್ಡಿನ ಪ್ರಾರ್ಥನೆ ನಡೆಸುವವರು, ಅಂದು ಮಾಮನ ಮನೆಗೆ ಬಂದಿದ್ದರು. "ಅವರಿಗೆ ಒಂದರ ಮೇಲೆ ಒಂದು ಮರೆತುಹೋಗಿರ್ತದೆ."

ಹಾಗೆಂದು ನಂಬಲು ಮಾಮನಿಗೂ ಆಸೆಯಿತ್ತು. ಪುಸ್ತಕ ಬಿಚ್ಚಿ ಇಪ್ಪತ್ತೆರಡನೇ ಹಾಳೆ ನೋಡಿದರು. ಎಡಗಡೆಯ ಕೆಳ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ. ತಮ್ಮದೇ ಕೈ.

ಆಗ ನೆನಪಾಯಿತು. ಕ್ಯಾಂಪಿನ ಮೇಲಿನ ಮಂಚದಲ್ಲಿ ಕೂತು ಈ ಹಾಳೆಯ ಹೀಬ್ರೂ ಸಾಲನ್ನು ಬಾಯಿಬಿಟ್ಟು ಓದಿದಾಗ ಅವರು ಬೆಚ್ಚಿದ್ದರು. ಶುಭ ಶುಕ್ರವಾರ ಶಿಲುಬೆಯ ಮೇಲಿನಿಂದ ಯೇಸು ಕೂಗುವ ಮಾತು ಇದೇ ಅಲ್ಲವೇ? ಹಾಗಿದ್ದರೆ ಎಡಗಡೆ ಅದು ಏಕಿಲ್ಲ? ರಬ್ಬಿಗೆ ಬರೆದು ಕೇಳೋಣ ಎಂದು ಆ ಗುರುತು ಹಾಕಿಕೊಂಡರು. ಕೇಳಲಿಲ್ಲ. ಮೊದಲ ದಿನವೇ ಪುಸ್ತಕವನ್ನು ತಿರುವುಮುರುವು ಬೈಂಡ್ ಮಾಡಿದ್ದವನು ಮತ್ತೊಮ್ಮೆ ದಡ್ಡನಾಗಿ ಕಾಣಿಸಿಕೊಳ್ಳಲು ಮನಸ್ಸಾಗಲಿಲ್ಲ. ಹಾಳೆಗೆ ಸಂಖ್ಯೆ ಹಾಕಿದ್ದು ರಬ್ಬಿ, ಅವರು ಬೇಕೆಂದೇ ಹೀಗೆ ಜೋಡಿಸಿರಬೇಕು ಎಂದುಕೊಂಡು, ಎದುರುಬದುರು ಇದ್ದದ್ದಕ್ಕೆ ಸಂಕ ಹಾಕಿಬಿಟ್ಟಿದ್ದರು.

ಈಗ ಅವರು ಸ್ಟೋರ್‌ಕೀಪರನ ಕ್ರಮ ಹಿಡಿದರು. ಗೋದಾಮಿನಲ್ಲಿ ಒಂದು ಖಾನೆ ತಪ್ಪಿದ್ದರೆ ಮುಂದಕ್ಕೆ ಹುಡುಕಬಾರದು, ಹಿಂದಕ್ಕೆ ಹೋಗಬೇಕು. ಕಟ್ಟಕಡೆಗೆ ಸರಿಯಿದ್ದ ಖಾನೆ ಸಿಗುವವರೆಗೆ. ಸೂಸನ್ ಆಂಟಿಯ ಹೊಸ ಬೈಬಲನ್ನು ಪಕ್ಕದಲ್ಲಿಟ್ಟುಕೊಂಡು ನೋಡುತ್ತ ಹೋದರು. ಇಪ್ಪತ್ತೊಂದು ತಪ್ಪು. ಇಪ್ಪತ್ತು ತಪ್ಪು. ಹದಿನೈದು, ಹನ್ನೆರಡು, ಹತ್ತು, ಎಲ್ಲ ತಪ್ಪು. ಎಂಟು ಸರಿ. ಒಂಬತ್ತು?

ಆ ಹೊಸ ಬೈಬಲಿನಲ್ಲಿ ಪ್ರತಿ ಕೀರ್ತನೆಗೂ ಎರಡು ಸಂಖ್ಯೆ ಇತ್ತು. ಒಂದು ದೊಡ್ಡದು, ಪಕ್ಕದಲ್ಲಿ ಆವರಣದೊಳಗೆ ಒಂದು ಸಣ್ಣದು. ವರ್ಷಗಟ್ಟಲೆ ಅದು ಕಣ್ಣಿಗೆ ಬಿದ್ದಿತ್ತು. ಏಕೆಂದು ಅವರು ಕೇಳಿರಲಿಲ್ಲ. ಇಗರ್ಜಿಯ ಹಳೆಯ ಲ್ಯಾಟಿನ್ ಎಣಿಕೆಯಲ್ಲಿ ಒಂಬತ್ತು ಮತ್ತು ಹತ್ತು ಸೇರಿ ಒಂದೇ ಕೀರ್ತನೆ. ಯಹೂದಿಯರಿಗೆ ಅವು ಎರಡು. ಹೀಗಾಗಿ ಅಲ್ಲಿಂದ ಮುಂದೆ ನಮ್ಮ ಹಳೆಯ ಪುಸ್ತಕಗಳಲ್ಲಿ ಹೆಚ್ಚುಕಡಿಮೆ ಕೊನೆಯವರೆಗೂ ಪ್ರತಿ ಕೀರ್ತನೆಯ ಸಂಖ್ಯೆ ಅವರಿಗಿಂತ ಒಂದು ಕಡಿಮೆ. ತಾಯಿಯ ಪುಸ್ತಕ ಹಳೆಯದು. ಅವರು ಸಂಖ್ಯೆಗೆ ಸಂಖ್ಯೆ ಜೋಡಿಸಿದ್ದರು. ಹತ್ತನೇ ಹಾಳೆಯಿಂದ ಎಪ್ಪತ್ತಮೂರರವರೆಗೆ ಅವರು ಹಾಕಿದ ಅಷ್ಟೂ ಸಂಕಗಳು ಒಂದು ಕೀರ್ತನೆಯನ್ನು ಪಕ್ಕದ ಇನ್ನೊಂದು ಕೀರ್ತನೆಗೆ ಜೋಡಿಸಿದ್ದವು.

"ಒಂದು ಸಾಮಾನು ತಪ್ಪು ಖಾನೆಗೆ ಹಾಕದವನು ನಾನು" ಅಂದರು ಮಾಮ್. ಸೂಸನ್ ಆಂಟಿ, "ಸಾಯ್ಬಾ ದೇವಾ, ಊಟ ಮಾಡಿ ಮೊದಲು. ಕೀರ್ತನೆ ಎಲ್ಲಿಗೂ ಓಡಿ ಹೋಗುದಿಲ್ಲ" ಅಂದರೂ ಏಳಲಿಲ್ಲ.

ಕೊನ್ರಾಡ್ ಮರುದಿನ ಸಂಜೆಯೂ ಬಂದು, ಕೇಳಿ, ನಕ್ಕುಬಿಟ್ಟರು. "ಇದಕ್ಕೆ ಇಷ್ಟು ಮುಖ ಬಾಡಿಸುವುದಾ? ಎಡಗಡೆಯನ್ನು ಒಂದು ಹಾಳೆ ಮುಂದೆ ಸರಿಸಿ ಓದು. ಫೋನಿನಲ್ಲಿ ಹಾಳೆ ಮಗುಚಿ ಹೋಯ್ತು ಅಂತ ಹೇಳು. ಕಣ್ಣು ಕಾಣದ ಮುದುಕ, ಗೊತ್ತಾಗ್ತದಾ? ಖಲಾಸ್."

ಮಾಮ್ ಆ ದಿನ ಓದಿ ಕಳಿಸಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಗೋದಾಮಿನಲ್ಲಿ ಬಾವಾ ಕೇಳಿದರು.

"ರೇಡಿಯೋ ಬಂದ್ ಆಯ್ತಾ?"

ಮಾಮ್ ಎಲ್ಲ ಹೇಳಿದರು. ಬಾವಾ ಖುಬ್ಬುಸ್ ರೊಟ್ಟಿ ಮುರಿದು ಸಾರಿಗೆ ಅದ್ದುತ್ತ ಕೇಳಿದರು: "ಆ ಮೇಜಿನಲ್ಲಿ ಸುಳ್ಳು ಹೇಳಿದವನಿಗೆ ಎಂತ ಶಿಕ್ಷೆ ಇತ್ತು ಪೊರ್ಬುಗಳೇ?"

ಮಾಮ್ ಊಟದ ಡಬ್ಬಿಯ ಮುಚ್ಚಳ ಹಾಕಿದರು. "ಅದಕ್ಕೆ ನಿಯಮವೇ ಇರಲಿಲ್ಲ. ಯಾರೂ ಹೇಳಿರಲಿಲ್ಲ."

"ಹಾಗಾದ್ರೆ ಫೋನ್ ಮಾಡಿ. ಬಾಗಿಲು ನಾನು ಹಾಕ್ತೇನೆ."

ಧ್ವನಿ ಕಳಿಸದೆ ಮಾಮ್ ನೇರವಾಗಿ ಫೋನು ಮಾಡಿದರು. ರಿವ್ಕಾ ಅದನ್ನು ತಂದೆಯ ಕಿವಿಗೆ ಹಿಡಿದಳು. ಮಾಮ್ ನಿಂತುಕೊಂಡೇ ಹೇಳಿದರು. ತಾಯಿಯ ಪುಸ್ತಕ, ಲ್ಯಾಟಿನ್ ಎಣಿಕೆ, ಪೆನ್ಸಿಲಿನ ಗುರುತು, ಕೇಳದೆ ಉಳಿದದ್ದು. "ಆಗುತ್ತಾ ಇದೆ" ಎಂದು ಬರೆದ ಕಾಗದಗಳೆಲ್ಲ ಸುಳ್ಳೆಂದೂ ಹೇಳಿದರು. ಕೇಳಿಸಿತೋ ಇಲ್ಲವೋ ಎಂದು ಮಾಮ್ ಫೋನನ್ನು ನೋಡಿದರು.

"ಹತ್ತನೇ ಹಾಳೆಯ ದಿನವೇ ಗೊತ್ತಾಯ್ತು" ಅಂದರು ರಬ್ಬಿ.

"ಯಾಕೆ ಹೇಳಲಿಲ್ಲ ಸರ್?"

"ಎಡಗಡೆ ನಿನ್ನದು. ನಾನು ಕೇಳುವವನು. ಹನ್ನೆರಡು ದಿನ ಬಾಯಿ ಕಟ್ಟಿಕೊಂಡಿದ್ದೆ, ರಿವ್ಕಾಳನ್ನು ಕೇಳು. ಕೊನೆಗೆ ಒಂದು ಪ್ರಶ್ನೆ ಕೇಳಿದೆ. ಅದಕ್ಕೆ ನಿಯಮ ಅಡ್ಡ ಬರೋದಿಲ್ಲ."

"ಅರವತ್ತನಾಲ್ಕು ಹಾಳೆ ಹಾಳಾಯ್ತು ಸರ್."

"ಎಡಗಡೆಯನ್ನು ಸರಿಯಾಗಿ ಮತ್ತೆ ಬರಿ. ಅದರಲ್ಲಿ ವಿನಾಯಿತಿ ಇಲ್ಲ. ತಪ್ಪು ಜೋಡಿಯನ್ನು ಸರಿ ಅಂತ ಜನರಿಗೆ ಕೊಡಬಾರದು." ಸ್ವಲ್ಪ ಉಸಿರು ತೆಗೆದುಕೊಂಡರು. "ಆದರೆ ಹಳೆಯ ಸಂಕಗಳನ್ನು ಹರಿದು ಹಾಕಬೇಡ. ಬೇರೆ ಹಾಳೆಯಲ್ಲಿ ಇಡು. ಆ ಇಪ್ಪತ್ತೆರಡು ಮತ್ತು ಇಪ್ಪತ್ತಮೂರು ನಮ್ಮ ಪುಸ್ತಕದಲ್ಲೂ ಅಕ್ಕಪಕ್ಕವೇ ಕೂತಿವೆ. ಎಂಬತ್ತು ವರ್ಷದಿಂದ ಒಂದನ್ನು ಮುಗಿಸಿ ಇನ್ನೊಂದನ್ನು ಓದುತ್ತಿದ್ದೇನೆ. ಅಳುವ ಕುರಿಯ ಬೆನ್ನ ಹಿಂದೆ ಅವನು ನಿಂತಿದ್ದಾನೆ ಅಂತ ನನಗೆ ತೋಚಿರಲಿಲ್ಲ."

ಮಾಮ್ ಕುರ್ಚಿ ಎಳೆದು ಕೂತರು.

"ನೋಡು, ನಿನ್ನ ಕಡೆಯದಕ್ಕೆ ನಾನು ಅರ್ಥ ಹೇಳಿಬಿಟ್ಟೆ" ಅಂದರು ರಬ್ಬಿ. "ಈಗ ಚಹಾ ನಾನು ತರಬೇಕು. ಯಾವಾಗ ಬರ್ತೀಯ?"

ಬಾಗಿಲ ಹತ್ತಿರ ನಿಂತಿದ್ದ ಬಾವಾ ಯಾರಿಗೋ, "ಎರಡು ನಿಮಿಷ ಭಾಯಿ, ಒಳಗೆ ಸ್ಟಾಕ್ ಚೆಕ್ಕಿಂಗ್" ಎಂದು ಕೂಗಿ ಹೇಳುತ್ತಿದ್ದರು.

ಸೂಸನ್ ಆಂಟಿ ಟಿಕೆಟ್ಟನ್ನು ಮಂಗಳೂರಿನ ಬದಲು ಮುಂಬೈಗೆ ತೆಗೆಸಿದ್ದಾರೆ, ಮೇ ತಿಂಗಳ ಇಪ್ಪತ್ತಾರಕ್ಕೆ. ಅಲ್ಲಿ ಮೂರು ದಿನ ಇದ್ದು, ಪುಸ್ತಕ ಕೊಟ್ಟು, ಆಮೇಲೆ ಊರಿಗೆ. ಅಷ್ಟರಲ್ಲಿ ನೂರೈವತ್ತೂ ಮುಗಿಯುವುದಿಲ್ಲ ಎಂದು ಮಾಮನಿಗೆ ಗೊತ್ತಿದೆ. ರಬ್ಬಿಗೂ ಹೇಳಿದ್ದಾರೆ. ಎಷ್ಟು ಆಗುತ್ತದೋ ಅಷ್ಟು ತಾ, ಉಳಿದದ್ದನ್ನು ಮೇಜಿನ ಮುಂದೆ ಕೂತು ಮಾಡೋಣ ಎಂದು ಉತ್ತರ ಬಂದಿದೆ. ಸಂಕ ಹಾಕುವುದು ಮಾಮನೇ. ಆದರೆ ಈಚೆಗೆ ಅವರ ಕೈ ನಡುಗುತ್ತದೆ, ಎಡಗಡೆಯ ಅಂಕಣವನ್ನು ಸಣ್ಣ ಅಕ್ಷರದಲ್ಲಿ ಮತ್ತೆ ಬರೆಯಲು ಆಗುವುದಿಲ್ಲ. ನನ್ನನ್ನು ಕೇಳಿದರು. ನನ್ನ ಅಕ್ಷರ ಚೆನ್ನಾಗಿಲ್ಲ ಎಂದೆ. ಚೆನ್ನಾಗಿರುವುದು ಬೇಡ, ಸಂಖ್ಯೆ ತಪ್ಪದಿದ್ದರೆ ಸಾಕು, ಅನುಮಾನ ಬಂದರೆ ಪೆನ್ಸಿಲಿನಲ್ಲಿ ಗುರುತು ಹಾಕಿ ಸುಮ್ಮನಿರದೆ ಆಗಲೇ ಕೇಳು ಎಂದರು.

ನಾಳೆ ಶುಕ್ರವಾರ. ಇಗರ್ಜಿಯಿಂದ ಬಂದ ಮೇಲೆ ಮೂರನೇ ಮಹಡಿಗೆ ಹೋಗಿ, ಎರಡೂ ಎಣಿಕೆಯನ್ನು ಎದುರಿಗಿಟ್ಟುಕೊಂಡು, ಹತ್ತನೇ ಹಾಳೆಯಿಂದ ಬರೆಯಲು ಶುರು ಮಾಡುತ್ತೇನೆ.